ಮದುವೆಯ ಜಮಾ-ಖರ್ಚು

(ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂಭ್ರಮದ ಹಿಂದುಮುಂದೆಯೇ ನಮ್ಮ ಮನೆಗಳ ಅಂಗಳದಲ್ಲಿ ತುಳಸಿಯ ಲಗ್ನ ನಡೆಯುತ್ತದೆ. ಪುಣೆಯಲ್ಲಿ ಅಂಗಳ ಎಲ್ಲಿಂದ ತರೋಣ, ಬಾಲ್ಕನಿಯಲ್ಲಿ ಎನ್ನೋಣ. ತುಳಸಿಯ ಲಗ್ನವಾಯಿತೆಂದರೆ ಮನುಷ್ಯರ ಲಗ್ನಗಳಿಗೂ ಹಾದಿ ತೆರೆಯಿತೆಂದು ಅರ್ಥ. ಬ್ಯಾಂಕಿನ ಕಿಟಕಿಯ ಒಳಗೆ ಕುಳಿತ ನಮ್ಮಂಥ ಗುಮಾಸ್ತರಿಗೆ ಇದು ಪಂಚಾಂಗ ನೋಡದೆಯೇ ತಿಳಿಯುತ್ತದೆ. ಅವಧಿ ತುಂಬುವ ಮೊದಲೇ ಠೇವಣಿ ಮುರಿಸಲು ಬರುವವರ ಸಾಲು ಆ ದಿನಗಳಲ್ಲಿ ಬೆಳೆಯುತ್ತದೆ. ಕೈಯಲ್ಲಿ ರಶೀದಿ, ಮುಖದಲ್ಲಿ ಸಂತೋಷವೂ ಅಂಜಿಕೆಯೂ ಬೆರೆತ ಒಂದು ಬಣ್ಣ. ಏತಕ್ಕೆಂದು ನಾವು ಕೇಳುವುದಿಲ್ಲ. ಅವರೇ ಲಗ್ನಪತ್ರಿಕೆಯೊಂದನ್ನು ಕಿಟಕಿಯ ಒಳಗೆ ಸರಿಸುತ್ತಾರೆ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಿಮಗೆಲ್ಲ ತಿಳಿದದ್ದೇ. ಆದರೆ ಲೆಕ್ಕ ಬರೆಯುವವರ ಕಣ್ಣಿಗೆ ಈ ಎರಡರ ನಡುವೆ ಒಂದು ದೊಡ್ಡ ಅಂತರ ಕಾಣುತ್ತದೆ. ಮನೆಗೆ ಸಾಲ ಮಾಡಿದರೆ ಸಾಲಕ್ಕೆ ಮನೆಯೇ ಆಧಾರವಾಗಿ ನಿಂತಿರುತ್ತದೆ. ಮದುವೆಗೆ ಸಾಲ ಮಾಡಿದರೆ ಸಾಲ ಮಾತ್ರ ನಿಂತಿರುತ್ತದೆ. ಆಧಾರವಾಗಬೇಕಾದದ್ದನ್ನು ಉಂಡವರು ಕೈ ತೊಳೆದು ಎದ್ದು ಹೋಗಿರುತ್ತಾರೆ.

ಮಿತವ್ಯಯದ ಮದುವೆಯ ಬಗ್ಗೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಉಪದೇಶ ಮಾಡುವ ಅಧಿಕಾರ ನಮಗಿಲ್ಲವೆಂದು ಅರಿಕೆ ಮಾಡಿಕೊಂಡೆವು. ಆದರೆ 2023ರ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಒಂದು ಮದುವೆ ನಡೆಯಿತು, ತಂಗಿಯದು. ಅದರ ಲೆಕ್ಕ ನಮ್ಮ ಬಳಿ ಇದೆ. ಅದರಲ್ಲಿ ನಾವು ಮಾಡಿದ ತಪ್ಪೂ ಇದೆ. ಎರಡನ್ನೂ ನಿಮ್ಮ ಮುಂದೆ ಇಡುತ್ತೇವೆ. 'ನಾವು' ಎಂದರೆ ತಂದೆ, ತಾಯಿ, ತಂಗಿ, ಜೊತೆಗೆ ನಾವಿಬ್ಬರು ಗಂಡಹೆಂಡಿರು ಎಂದು ತಿಳಿಯಬೇಕು.

ನಮ್ಮ ಊರು ಹಾವೇರಿಯ ಕಡೆಯ ಒಂದು ಹಳ್ಳಿ. ತಂದೆಯವರು ಪಿಂಪ್ರಿಯ ಒಂದು ಕಾರಖಾನೆಯಲ್ಲಿ ದುಡಿದು ನಿವೃತ್ತರಾದವರು. ವರ ಬೆಳಗಾವಿಯವರು. ನಿಶ್ಚಯವಾದ ರಾತ್ರಿಯೇ ಕುಳಿತು ಮೊದಲನೆಯ ಅಂದಾಜು ಬರೆದೆವು. ಊರಿನವರಿಗಾಗಿ ಊರಿನಲ್ಲಿ ಮದುವೆ, ಇಲ್ಲಿಯವರಿಗಾಗಿ ಪುಣೆಯಲ್ಲಿ ಆರತಕ್ಷತೆ ಎಂದು ಎರಡು ಸಮಾರಂಭ. ಊರಿನಲ್ಲಿ 700 ಎಲೆ, ಎಲೆಗೆ 250 ರೂಪಾಯಿ, ಪುಣೆಯಲ್ಲಿ 400 ಎಲೆ, ಎಲೆಗೆ 500 ರೂಪಾಯಿ, ಊಟಕ್ಕೇ 3,75,000. ಎರಡು ಕಡೆಯ ಮಂಗಲ ಕಾರ್ಯಾಲಯ, ಹೂವು, ವೇದಿಕೆ 2,60,000. ಬಂಗಾರ 3,50,000. ಬಟ್ಟೆ ಮತ್ತು ಆಯೇರು 1,80,000. ಪ್ರಯಾಣ, ವಸತಿ 90,000. ಫೋಟೋ, ವಿಡಿಯೋ 85,000. ಪತ್ರಿಕೆ, ವಾದ್ಯ, ಪುರೋಹಿತರು, ಚಿಲ್ಲರೆ 60,000. ಗೆರೆ ಎಳೆದು ಕೂಡಿಸಿದರೆ ಸರಿಯಾಗಿ 14 ಲಕ್ಷ.

ಇನ್ನು ಜಮೆಯ ಕಡೆ. ತಂದೆಯವರು ಮದುವೆಗೆಂದೇ ಕೂಡಿಟ್ಟದ್ದು 5 ಲಕ್ಷ, ನಮ್ಮದು ಒಂದೂವರೆ ಲಕ್ಷ, ತಂಗಿಯ ಸಂಬಳದ ಉಳಿತಾಯ 1 ಲಕ್ಷ. ಒಟ್ಟು ಏಳೂವರೆ ಲಕ್ಷ. ಕೊರತೆ ಆರೂವರೆ ಲಕ್ಷ.

ತಂದೆಯವರ ಬಳಿ ಬೇರೆ 8 ಲಕ್ಷದ ಠೇವಣಿಯೊಂದಿತ್ತು. ನಿವೃತ್ತಿಯ ಹಣ. ಅದರ ಬಡ್ಡಿಯಿಂದ ತಾಯಿಯವರ ಔಷಧಿಯೂ ಮನೆಯ ಸಣ್ಣಪುಟ್ಟ ಖರ್ಚೂ ಸಾಗುತ್ತಿತ್ತು. "ಅದನ್ನ ಮುರಿಸಿಬಿಡು" ಎಂದರು. ನಾವು ಒಪ್ಪಲಿಲ್ಲ. ಸಾಲದ ಲೆಕ್ಕವನ್ನಾದರೂ ನೋಡೋಣವೆಂದು ನೋಡಿದೆವು. ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ 5 ಲಕ್ಷವನ್ನು 5 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು 11,122 ರೂಪಾಯಿ. 60 ಕಂತು ಮುಗಿಯುವ ಹೊತ್ತಿಗೆ ಕೊಟ್ಟದ್ದು 6,67,000ಕ್ಕೂ ಮೇಲೆ. ಅದೇ ಕಂತನ್ನು ಮೊದಲೇ ತಿಂಗಳು ತಿಂಗಳು ಕಟ್ಟುತ್ತ ಬಂದಿದ್ದರೆ, ಬಡ್ಡಿಯನ್ನು ಹಿಡಿಯದೆಯೂ, 45 ತಿಂಗಳಲ್ಲಿ 5 ಲಕ್ಷ ಕೂಡುತ್ತದೆ. ಮದುವೆಗೆ ಮುಂಚೆ ಕಟ್ಟಿದರೆ 45 ತಿಂಗಳು, ಆಮೇಲೆ ಕಟ್ಟಿದರೆ 60 ತಿಂಗಳು. ಮಕ್ಕಳು ಚಿಕ್ಕವರಿರುವ ತಂದೆತಾಯಿಗಳು ಈ ಒಂದು ಲೆಕ್ಕವನ್ನು ಮನೆಗೆ ಒಯ್ದರೂ ನಮ್ಮ ಇವತ್ತಿನ ಮಾತು ಸಾರ್ಥಕ.

ಈ ಅಂಕಿಗಳನ್ನೆಲ್ಲ ನಾವು ತಂದೆಯವರ ಮುಂದೆ ಹಿಡಿದು, ಗಿರಾಕಿಗಳಿಗೆ ಹೇಳುವ ಧಾಟಿಯಲ್ಲಿಯೇ ವಿವರಿಸಿದೆವು. ಜನ ಕಡಿಮೆ ಮಾಡಬೇಕು ಎಂದೆವು. ಅವರು ಸುಮ್ಮನೆ ಕೇಳಿ, ಕೊನೆಗೆ ಒಂದೇ ಮಾತು ಹೇಳಿದರು: "ಮೂವತ್ತು ವರ್ಷ ಮಂದಿ ಮನಿ ಮದುವ್ಯಾಗ ಉಂಡೇನಿ. ನಮ್ಮನಿ ಮದುವಿಗೆ ಅವರನ್ನ ಕರೀಬ್ಯಾಡ ಅಂತೀರೇನು?" ಆಮೇಲೆ ಎರಡು ದಿನ ಅವರು ನಮ್ಮೊಡನೆ ಮಾತನಾಡಲಿಲ್ಲ.

ಮಹನೀಯರೇ, ಪರಸ್ಥಳದಲ್ಲಿ ನೆಲೆಸಿದ ನಮ್ಮ ಮದುವೆಗಳ ಖರ್ಚಿನ ಬೇರು ಇಲ್ಲಿಯೇ ಇದೆ. ಊರು ಬಿಟ್ಟು ಬಂದವರಿಗೆ ಮಗಳ ಮದುವೆ ಎಂದರೆ ಊರಿನ ಮುಂದೆ ಒಪ್ಪಿಸುವ ಲೆಕ್ಕ. ಇಷ್ಟು ವರ್ಷ ಅಲ್ಲಿ ಹೋಗಿ ಏನು ಮಾಡಿದೆ ಎಂದು ಯಾರೂ ಬಾಯಿಬಿಟ್ಟು ಕೇಳಿರುವುದಿಲ್ಲ. ಆದರೂ ಉತ್ತರ ಕೊಡುವ ಹಂಬಲ ನಮಗೆ. ದೊಡ್ಡ ಹಂದರ, ಹೆಚ್ಚು ಪಕ್ವಾನ್ನ, ಅಗಲವಾದ ಅಂಚಿನ ಸೀರೆ ಇವೇ ಆ ಉತ್ತರದ ಅಕ್ಷರಗಳು. ಅದರ ಜೊತೆಗೆ ಉಂಡ ಋಣ ತೀರಿಸಬೇಕೆಂಬ ನಿಜವಾದ ಸೌಜನ್ಯವೂ ಬೆರೆತಿರುತ್ತದೆ. ಆಡಂಬರವನ್ನು ಬೈಯುವುದು ಸುಲಭ. ಆ ಸೌಜನ್ಯವನ್ನು ಬೈಯಲಾಗದು. ಅಂಕಿ ಹಿಡಿದು ವಾದಿಸಿದ ನಾವು ಸೋತದ್ದು ಅದಕ್ಕೇ.

ದಾರಿ ಕಂಡುಹಿಡಿದವಳು ತಂಗಿ. ತಂದೆಯವರ ಹತ್ತಿರ ಆಯೇರಿನ ಒಂದು ಹಳೆಯ ವಹಿ ಇತ್ತು. ಯಾರ ಮದುವೆಗೆ ಹೋಗಿದ್ದರು, ಏನು ಕೊಟ್ಟಿದ್ದರು, ನಮ್ಮ ಮನೆಯ ಕಾರ್ಯಗಳಿಗೆ ಯಾರು ಏನು ತಂದಿದ್ದರು ಎಂದು ಎಲ್ಲವೂ ಅದರಲ್ಲಿ ನೀಲಿ ಶಾಯಿಯಲ್ಲಿ. ಸುಮಾರು 290 ಮನೆತನಗಳು. ಅವಳು ಅದನ್ನು ತಂದು ಅವರ ಪಕ್ಕದಲ್ಲಿ ಕುಳಿತು, "ಅಪ್ಪಾ, ಇವರು ಯಾರು ಹೇಳ್ರಿ" ಎಂದು ಒಂದೊಂದೇ ಹೆಸರು ಓದತೊಡಗಿದಳು. ಕಡಿಮೆ ಮಾಡುವ ಮಾತನ್ನೇ ಎತ್ತಲಿಲ್ಲ. ನಾಲ್ಕು ಸಂಜೆ ಈ ಪಾರಾಯಣ ನಡೆಯಿತು. ಕೆಲವು ಹೆಸರುಗಳಿಗೆ ತಂದೆಯವರು ಅರ್ಧ ಗಂಟೆ ಕಥೆ ಹೇಳಿದರು. ಕೆಲವರು ತೀರಿಹೋಗಿದ್ದರು, ಅವರ ಮಕ್ಕಳಿಗೆ ನಮ್ಮ ಗುರುತಿಲ್ಲ. ಕೆಲವು ಹೆಸರುಗಳ ಮುಂದೆ ಅವರೇ, "ಇವನನ್ನ ಸುಮ್ಮನ ತೋರಸಾಕ ಕರ್ಯಾಕತ್ತಿದ್ದೆ" ಎಂದು ನಕ್ಕರು. ಕಾರಖಾನೆಯ ದೊಡ್ಡ ಸಾಹೇಬರ ಹೆಸರಿನ ಮೇಲೆ ಗೆರೆ ಎಳೆದವರು ಅವರೇ. ನಾಲ್ಕನೆಯ ಸಂಜೆ ಉಳಿದದ್ದು 92 ಮನೆತನ, 230 ಎಲೆ. ಯಾರು ಬಾರದಿದ್ದರೆ ಮದುವೆ ಆದಂತೆಯೇ ಅನ್ನಿಸುವುದಿಲ್ಲವೋ ಅವರು ಮಾತ್ರ ಆ ಪಟ್ಟಿಯಲ್ಲಿದ್ದರು.

ಎರಡನೆಯ ಕೆಲಸ ಬೀಗರೊಡನೆ ಮಾತು. ಹಣದ ಮಾತನ್ನು ಬೀಗರ ಮುಂದೆ ಎತ್ತಬಾರದೆಂದು ನಮ್ಮಲ್ಲಿ ಒಂದು ಸಂಕೋಚ. ಆದರೂ ಧೈರ್ಯ ಮಾಡಿ ಬೆಳಗಾವಿಗೆ ಹೋಗಿ, ನಮ್ಮ ಶಕ್ತಿ ಇಷ್ಟು ಎಂದು ತಂದೆಯವರೇ ಹೇಳಿದರು. ವರನ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಹೇಳಬೇಕಂದ್ರ, ನಿಮಗ ಕಡಿಮಿ ಅನಸಬಾರದಂತ ನಾವೂ ಸಾಲಕ್ಕ ಅರ್ಜಿ ಬರದಿದ್ವಿ ನೋಡ್ರಿ" ಎಂದರು. ಅವರ ಮುಖ ನೋಡಿ ನಾವು ಅಂಜಿದ್ದೆವು, ನಮ್ಮ ಮುಖ ನೋಡಿ ಅವರು ಅಂಜಿದ್ದರು. ಒಬ್ಬರೂ ಬಯಸದಿದ್ದ ಖರ್ಚಿಗೆ ಇಬ್ಬರೂ ಸಾಲ ಹುಡುಕುತ್ತಿದ್ದೆವು!

ಬೆಳಗಾವಿ ಪುಣೆಗೂ ಹಾವೇರಿಗೂ ನಡುವಿನ ಹೆದ್ದಾರಿಯ ಮೇಲೆಯೇ ಇದೆ. ಅಲ್ಲಿಯೇ ಒಂದೇ ಮದುವೆ, ಎರಡೂ ಕಡೆಯವರಿಗೆ ಒಂದೇ ಊಟ, ಖರ್ಚು ಅರ್ಧರ್ಧ ಎಂದು ತೀರ್ಮಾನವಾಯಿತು. ಮುಹೂರ್ತಕ್ಕೆ ವಾರದ ನಡುವಿನ ದಿನವನ್ನು ಆರಿಸಿದೆವು. ಭಾನುವಾರದ ಬಾಡಿಗೆಗಿಂತ ಅದು ಕಡಿಮೆಯಾಯಿತು. ಆಯೇರಿನ ಸೀರೆ ಎರಡೂ ಮನೆಯ ಸ್ವಂತ ಅಣ್ಣತಮ್ಮಂದಿರ ಮನೆಗಳನ್ನು ದಾಟಬಾರದೆಂದು ಕರಾರಾಯಿತು. ಯಾರೂ ಉಡದೆ ಒಬ್ಬರ ಪೆಟ್ಟಿಗೆಯಿಂದ ಇನ್ನೊಬ್ಬರ ಪೆಟ್ಟಿಗೆಗೆ ತಿರುಗುವ ಆ ಸೀರೆಗಳ ಕಥೆ ಇಲ್ಲಿಯ ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗ ಎರಡನೆಯ ಅಂದಾಜು ಕೇಳಿ. ಹಿಂದಿನ ರಾತ್ರಿಯ ಊಟ, ಬೆಳಗಿನ ಫಲಾಹಾರ, ಮದುವೆಯ ಊಟ ಸೇರಿ ನಮ್ಮ ಪಾಲು 85,000. ಕಾರ್ಯಾಲಯ, ಹೂವು ನಮ್ಮ ಪಾಲು 55,000. ಬಂಗಾರ 2,20,000, ತಾಯಿಯವರ ಹಳೆಯ ಬಳೆಗಳನ್ನು ಮುರಿಸಿ ಮಾಡಿಸಿದ್ದರಿಂದ ಅಷ್ಟಕ್ಕೆ ನಿಂತಿತು. ಬಟ್ಟೆ, ಆಯೇರು 90,000. ಬಸ್ಸು, ವಸತಿ 70,000. ಫೋಟೋ 35,000. ಪತ್ರಿಕೆ ಮುಂತಾದವು 25,000. ಅನಿರೀಕ್ಷಿತ ಎಂದು 50,000. ಒಟ್ಟು 6,30,000. ಅನಿರೀಕ್ಷಿತದ ಹಣದಲ್ಲಿ 41,000 ಖರ್ಚಾಗಿಯೇ ಹೋಯಿತು. ಆ ಬಾಬನ್ನು ಬಿಟ್ಟು ಅಂದಾಜು ಬರೆಯುವವರು ಸಾಲಗಾರರಾಗುವುದು ಮದುವೆಯ ಹಿಂದಿನ ರಾತ್ರಿ, ಕೈಗಡದ ರೂಪದಲ್ಲಿ.

ಊರಿನವರ ಋಣ? ಮದುವೆಯಾದ ಮುಂದಿನ ತಿಂಗಳು ವಧೂವರರನ್ನು ಕರೆದುಕೊಂಡು ಹಳ್ಳಿಗೆ ಹೋದೆವು. ದೊಡ್ಡಪ್ಪನವರ ಅಂಗಳದಲ್ಲಿ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಅಡಿಗೆಗೆ ಓಣಿಯ ಹೆಣ್ಣುಮಕ್ಕಳೇ ನಿಂತರು. 160 ಜನ ಉಂಡರು. ಖರ್ಚು 22,000. ತಂದೆಯವರು ತಾವೇ ತುಪ್ಪದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಓಡಾಡಿದರು. ಪುಣೆಯ ಕಾರ್ಯಾಲಯದಲ್ಲಿ ಈ ಭಾಗ್ಯ ಅವರಿಗಿತ್ತೆ? ಅಲ್ಲಿ ವೇದಿಕೆಯ ಬದಿಯಲ್ಲಿ ನಿಂತು ಕೈಮುಗಿಯುವುದಷ್ಟೇ ವಧುವಿನ ತಂದೆಯ ಕೆಲಸ. ರಾತ್ರಿ ಮಲಗುವಾಗ "ಈಗ ಉಣಿಸಿದಂಗಾತು ನೋಡು" ಎಂದರು. ಎಲ್ಲ ಮುಗಿದ ಮೇಲೆ ಉಳಿದದ್ದು 1,07,000. ಅದರಲ್ಲಿ 1 ಲಕ್ಷವನ್ನು ತಂಗಿಯ ಹೆಸರಿನಲ್ಲಿ ಇಟ್ಟೆವು. ಆ 8 ಲಕ್ಷದ ಠೇವಣಿ ಇದ್ದ ಹಾಗೆಯೇ ಇದೆ.

ಇಷ್ಟು ಕೇಳಿ ನಮ್ಮನ್ನು ಜಾಣರೆಂದು ಎಣಿಸಬೇಡಿ. ತಪ್ಪನ್ನೂ ಹೇಳುತ್ತೇವೆಂದು ಮೊದಲೇ ಮಾತು ಕೊಟ್ಟಿದ್ದೇವೆ. ನಮ್ಮ ಎದುರುಮನೆಯಲ್ಲಿ ಒಬ್ಬ ಮರಾಠಿ ಹಿರಿಯರಿದ್ದಾರೆ. ನಾವು 'ಕಾಕು' ಎನ್ನುತ್ತೇವೆ. ಕೆಲವು ವರ್ಷಗಳ ಹಿಂದೆ ತಾಯಿಯವರು 18 ದಿನ ಆಸ್ಪತ್ರೆಯಲ್ಲಿದ್ದಾಗ ಎರಡು ಹೊತ್ತೂ ನಮಗೆ ಡಬ್ಬಿ ಕಳಿಸಿದವರು ಅವರು. ವಹಿಯಲ್ಲಿ ಅವರ ಹೆಸರಿರಲಿಲ್ಲ. ಏಕೆಂದರೆ ಅವರ ಮನೆಯಲ್ಲಿ ನಾವು ಯಾವ ಮದುವೆಯನ್ನೂ ಉಂಡಿರಲಿಲ್ಲ. ಬೆಳಗಾವಿಯವರೆಗೆ ಈ ವಯಸ್ಸಿನಲ್ಲಿ ಬರುವುದಿಲ್ಲವೆಂದು ನಾವೇ ಎಣಿಸಿ, ಪತ್ರಿಕೆಯನ್ನು ಸಹ ಕೊಡಲಿಲ್ಲ. ಮದುವೆ ಮುಗಿಸಿ ಬಂದ ಮೂರನೆಯ ದಿನ ಅವರು ಒಂದು ಸೀರೆ, ತೆಂಗಿನಕಾಯಿ ಹಿಡಿದು ಬಂದು ತಂಗಿಯ ಉಡಿ ತುಂಬಿದರು. ಯಾಕೆ ಕರೆಯಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ನಮಗೆ ಹಗುರವಾಗುತ್ತಿತ್ತು. ಎರಡು ಎಲೆ ಉಳಿಸಿದ ಆ ಉಳಿತಾಯವನ್ನು ಇಂದಿಗೂ ಯಾವ ಬಾಬಿನಲ್ಲಿ ಬರೆಯಬೇಕೋ ನಮಗೆ ತಿಳಿದಿಲ್ಲ. ಪಟ್ಟಿಯನ್ನು ಕಡಿಮೆ ಮಾಡುವುದು ಬೇರೆ, ಋಣವನ್ನು ಮರೆಯುವುದು ಬೇರೆ. ಊರಿನ ವಹಿಯಲ್ಲಿ ಬರೆಯದ ಹೆಸರುಗಳು ಪರಸ್ಥಳದಲ್ಲಿ ಇರುವ ನಮಗೆ ಹಲವು ಇರುತ್ತವೆ. ಆ ಹೆಸರುಗಳನ್ನು ಮೊದಲು ಬರೆಯಿರಿ, ಆಮೇಲೆ ಬಳಗದವರನ್ನು ಬರೆಯಿರಿ.

ಇನ್ನು ಕೆಲವು ವ್ಯವಹಾರದ ಮಾತುಗಳು.

ಮೊದಲನೆಯದು, ಅಂದಾಜನ್ನು ವಸ್ತುಗಳಿಂದ ಆರಂಭಿಸದೆ ಎಲೆಗಳ ಸಂಖ್ಯೆಯಿಂದ ಆರಂಭಿಸಿ. ಊಟ, ವಸತಿ, ಪತ್ರಿಕೆ, ಆಯೇರು, ಕಾರ್ಯಾಲಯದ ಅಳತೆ ಇವೆಲ್ಲ ಎಲೆಯ ಜೊತೆ ಬೆಳೆಯುವ ಖರ್ಚುಗಳು. ಪಕ್ವಾನ್ನ ಒಂದನ್ನು ಬಿಟ್ಟು ಉಳಿಸುವುದಕ್ಕಿಂತ ತೋರಿಕೆಗೆ ಕರೆಯುವ ನೂರು ಜನರನ್ನು ಬಿಟ್ಟು ಉಳಿಸುವುದು ಹೆಚ್ಚು. ಬಂದವರಿಗೆ ಹೊಟ್ಟೆ ತುಂಬ ಬಡಿಸಿದ ಸಮಾಧಾನವೂ ಇರುತ್ತದೆ.

ಎರಡನೆಯದು, ಕಾರ್ಯಾಲಯದವರು ಬಾಯಿಮಾತಿನಲ್ಲಿ ಹೇಳುವ ಬಾಡಿಗೆಯೇ ಪೂರ್ಣ ಬಾಡಿಗೆಯೆಂದು ನಂಬಬೇಡಿ. ಅದರ ಮೇಲೆ ಶೇಕಡಾ 18ರ ಸರಕು-ಸೇವಾ ತೆರಿಗೆ ಬರಬಹುದು. ವಿದ್ಯುತ್ತು, ಜನರೇಟರು, ಪಾತ್ರೆ, ಸ್ವಚ್ಛತೆ, ಹೊತ್ತು ಮೀರಿದರೆ ಎಷ್ಟು, ಮದುವೆ ಮುಂದೆ ಹೋದರೆ ಮುಂಗಡ ಎಷ್ಟು ಮರಳುತ್ತದೆ ಎಂಬುದೆಲ್ಲ ಕಾಗದದ ಮೇಲೆ ಇರಲಿ. ಊಟದ ಗುತ್ತಿಗೆಯಲ್ಲಿ ಎಲೆ ಎಣಿಸುವವರು ಯಾರು ಎಂಬುದೂ ಬರೆದಿರಲಿ.

ಮೂರನೆಯದು ಬಂಗಾರ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಗಳ ಮೇಲೆ ಅಕ್ಷರ, ಅಂಕಿಗಳು ಸೇರಿದ 6 ಸ್ಥಾನದ ಒಂದು ಗುರುತಿನ ಸಂಖ್ಯೆ ಇರಬೇಕೆಂದು ನಿಯಮವಾಗಿದೆ. 22 ಕ್ಯಾರೆಟ್ಟಿಗೆ 916 ಎಂಬ ಮುದ್ರೆ. ಎರಡನ್ನೂ ನೋಡಿ ತೆಗೆದುಕೊಳ್ಳಿ. ಹರಳಿನ ತೂಕವನ್ನು ಬಂಗಾರದ ತೂಕದಿಂದ ಬೇರೆ ಬರೆಸಿ. ಕುಸುರಿ ಹೆಚ್ಚಿದಷ್ಟೂ ಮಜೂರಿ ಹೆಚ್ಚು. ಮುಂದೆ ಕಷ್ಟಕ್ಕೆ ಮಾರಹೋದಾಗ ಮಜೂರಿಯ ಹಣ ಮರಳುವುದಿಲ್ಲ.

ನಾಲ್ಕನೆಯದು ಪ್ರಯಾಣ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಒಂದು ಟಿಕೆಟ್ಟಿಗೆ 6 ಹೆಸರು. 40 ಜನರಿಗೆ 7 ಟಿಕೆಟ್ಟು ಬೇಕು. ಆ ದಿನ ಬೆಳಿಗ್ಗೆ ಯಾರು ಯಾವ ಟಿಕೆಟ್ಟು ತೆಗೆಯಬೇಕೆಂದು ಹಿಂದಿನ ರಾತ್ರಿಯೇ ಹಂಚಿಕೊಳ್ಳಿ.

ಐದನೆಯದು ಕಾಯಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಅದನ್ನು ಯಾವ ಅಂದಾಜಿನಲ್ಲಿಯೂ ಯಾವ ಹೆಸರಿನಲ್ಲಿಯೂ ಬರೆಯುವ ಹಾಗಿಲ್ಲ. ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೆ ಪಟ್ಟಿ ಇಡಬೇಕೆಂದು 1985ರ ನಿಯಮಗಳು ಹೇಳುತ್ತವೆ. 1955ರ ಹಿಂದೂ ವಿವಾಹ ಕಾಯಿದೆ ಕೇಳುವುದು ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ವಿಧಿಯನ್ನು ಮಾತ್ರ. ಆ ವಿಧಿಯಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಯಿತು. ಎಂಟನೆಯ ಹೆಜ್ಜೆಯನ್ನು ಸಾಲದ ಕಡೆಗೆ ಇಡುವವರು ನಾವೇ. ನೋಂದಣಿಯನ್ನು ಮರೆಯಬೇಡಿ, ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿಯೇ ಆದೇಶಿಸಿದೆ.

ಸರಳ ಮದುವೆ ಎಂದರೆ ಬಡತನದ ಗುರುತೆಂದು ಭಾವಿಸುವವರು ನಮ್ಮ ನಾಡಿನ ಹಿರಿಯರನ್ನೇ ನೆನೆಯಬಹುದು. ಕುವೆಂಪು ಅವರು 'ಮಂತ್ರ ಮಾಂಗಲ್ಯ'ದ ಕ್ರಮವನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ಪರರಿಗೆ ಹೇಳುವ ಮೊದಲು ಮನೆಯಲ್ಲಿ ಮಾಡಿದರು ಎಂಬುದು ಮುಖ್ಯ. ಧರ್ಮಸ್ಥಳದಲ್ಲಿ 1972ರಲ್ಲಿ ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಸಾಮೂಹಿಕ ವಿವಾಹಗಳಲ್ಲಿ ಸಾವಿರಾರು ದಂಪತಿಗಳು ಸಾಲವಿಲ್ಲದೆ ಸಂಸಾರ ಹೂಡಿದ್ದಾರೆ. ಎಲ್ಲರೂ ಆ ದಾರಿಯಲ್ಲೇ ಹೋಗಬೇಕೆಂದು ನಾವು ಹೇಳುವುದಿಲ್ಲ, ನಾವೂ ಹೋಗಲಿಲ್ಲ. ಸಾಲವಿಲ್ಲದ ಮದುವೆಗೂ ಮರ್ಯಾದೆ ಉಂಟೆಂಬುದನ್ನು ನೆನೆದರೆ ಸಾಕು.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ನಾವೆಲ್ಲರೂ ಮದುವೆಗಳ ವೈಭವವನ್ನು ಒಬ್ಬರಿಗೊಬ್ಬರು ತೋರಿಸುತ್ತೇವೆ, ಖರ್ಚನ್ನು ಬಚ್ಚಿಡುತ್ತೇವೆ. ಆದ್ದರಿಂದ ಪ್ರತಿಯೊಂದು ಮನೆಯೂ ಪಕ್ಕದ ಮನೆಯ ವೈಭವವನ್ನು ನೋಡಿ, ಅವರ ಕಂತನ್ನು ಕಾಣದೆ, ಅಂದಾಜು ಬರೆಯುತ್ತದೆ. ನಮ್ಮ ವಾಚನಾಲಯದಲ್ಲಿ ಒಂದು ಖಾಲಿ ವಹಿಯನ್ನು ಇಡೋಣ. ಮದುವೆ ಮಾಡಿದವರು ಹೆಸರು ಬರೆಯದೆ, ಎಷ್ಟು ಎಲೆ, ಯಾವ ಬಾಬಿಗೆ ಎಷ್ಟು, ಎಲ್ಲಿ ಉಳಿಯಿತು, ಎಲ್ಲಿ ತಪ್ಪಿತು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಲಿ. ಮುಂದೆ ಮದುವೆ ಮಾಡುವವರು ಬಂದು ಓದಲಿ. ನಮ್ಮ ಮನೆಯ ಲೆಕ್ಕದ ಹಾಳೆಯನ್ನು, ಕಾಕು ಅವರ ವಿಷಯವನ್ನೂ ಸೇರಿಸಿ, ಇಂದೇ ಕಾರ್ಯದರ್ಶಿಗಳ ಕೈಗೆ ಒಪ್ಪಿಸುತ್ತಿದ್ದೇವೆ. ಅದು ಮೊದಲನೆಯ ಪುಟವಾಗಲಿ.